ಉರುಗಪ್ಪನಿಗೆ ಬರೆದ ಬಿನ್ನವತ್ತಳೆ

‘ಗೊತ್ತಿಲ್ಲ’ ಎಂಬ ಮಾತನ್ನು ನಾನು ಶಾಲೆಯಲ್ಲಿ ದಿನಕ್ಕೆ ಐವತ್ತು ಸಲ ಕೇಳುತ್ತೇನೆ. ಹುಡುಗರು ಅದನ್ನು ಹೇಳುವ ಸಲೀಸು ನೋಡಿದರೆ ಒಮ್ಮೊಮ್ಮೆ ಹೊಟ್ಟೆಕಿಚ್ಚಾಗುತ್ತದೆ. ಕೈಕಟ್ಟಿ ಎದ್ದು ನಿಂತು, ‘ಗೊತ್ತಿಲ್ರಿ ಸಾರ್’ ಎಂದು ಹೇಳಿ, ಯಾವ ಚಿಂತೆಯೂ ಇಲ್ಲದೆ ಕೂತುಬಿಡುತ್ತಾರೆ. ಮೇಷ್ಟರಾದ ಮೇಲೆ ನನ್ನ ಬಾಯಿಂದ ಆ ಮಾತು ಹೊರಟಿದ್ದಿಲ್ಲ. ಯಾರಾದರೂ ಏನಾದರೂ ಕೇಳಿದರೆ ನನ್ನ ತಲೆ ತಾನಾಗಿಯೇ ಮೇಲೆ ಕೆಳಗೆ ಆಡುತ್ತದೆ, ಗಂಟಲು ತಾನಾಗಿಯೇ ಸರಿಹೋಗುತ್ತದೆ, ಆಮೇಲೆ ಬಾಯಿ ತನ್ನ ಪಾಡಿಗೆ ಹೊರಟುಬಿಡುತ್ತದೆ. ಈ ರೋಗಕ್ಕೆ ಮದ್ದಿಲ್ಲವೆಂದು ನನ್ನ ಹೆಂಡತಿ ಗೌರಮ್ಮ ಮದುವೆಯಾದ ವರ್ಷವೇ ತೀರ್ಮಾನಿಸಿದಳು. ನಾನು ಮಾತ್ರ ಅದನ್ನು ವಿದ್ಯೆ ಎಂದುಕೊಂಡಿದ್ದೆ. ರಾಯದುರ್ಗದ ಜನರೂ ಹಾಗೆಯೇ ಅಂದುಕೊಂಡಿದ್ದರು.

ನಾನು ಹುಟ್ಟಿದ್ದು ಮಡಕಶಿರದ ಕಡೆ, ಅಮರಾಪುರದಲ್ಲಿ. ಹೆಂಡತಿ ಅಗಳಿಯವಳು. ಮೇಷ್ಟರ ಕೆಲಸ ನನ್ನನ್ನು ರಾಯದುರ್ಗಕ್ಕೆ ತಂದು ಹಾಕಿತು. ಇಲ್ಲಿ ಬಂದ ವಾರಕ್ಕೇ ಊರಿನ ರೀಡಿಂಗ್ ರೂಮಿನ ಅಧ್ಯಕ್ಷರಾದ ಜವಳಿ ಅಂಗಡಿ ರುದ್ರಪ್ಪನವರು ಮನೆಗೆ ಬಂದು, ‘ನಿಮಗ ಇಂಗ್ಲಿಷ್ ಬರ್ತೈತಲ್ರಿ ಮಾಸ್ತರ್ರ?’ ಎಂದರು. ನನ್ನ ತಲೆ ಆಡಿತು. ಅಂದಿನಿಂದ ರೀಡಿಂಗ್ ರೂಮಿನಲ್ಲಿ ಇಂಗ್ಲಿಷ್ ಪೇಪರನ್ನು ಓದಿ ಹೇಳುವ ಭಾರ ನನ್ನದಾಯಿತು. ಮದ್ರಾಸಿನ ಪೇಪರು ಬಳ್ಳಾರಿಯ ರೈಲಿನಲ್ಲಿ ಎರಡು ದಿನ ತಡವಾಗಿ ಬರುತ್ತಿತ್ತು. ಸಂಜೆ ಐದಕ್ಕೆ ಮೂವತ್ತು ನಲವತ್ತು ಜನ ಚಾಪೆಯ ಮೇಲೆ ಕೂಡುತ್ತಿದ್ದರು. ನನಗೆ ಮಾತ್ರ ಕುರ್ಚಿ. ಆ ಕುರ್ಚಿಗೆ ರುದ್ರಪ್ಪನವರು ತಮ್ಮ ಅಂಗಡಿಯಿಂದ ತಂದ ಹಸಿರು ಮಖಮಲ್ಲಿನ ದಿಂಬು ಬೇರೆ. ಪ್ರತಿ ವಾಕ್ಯದಲ್ಲಿ ಮೊದಲಿನ ಎರಡು ಪದ, ಕೊನೆಯ ಎರಡು ಪದ ನನಗೆ ಚೆನ್ನಾಗಿ ಅರ್ಥವಾಗುತ್ತಿದ್ದವು. ನಡುವಿನದನ್ನು ಊರಿನ ಮನಸ್ಸಿಗೆ ಒಗ್ಗುವಂತೆ ನಾನೇ ತುಂಬಿಕೊಳ್ಳುತ್ತಿದ್ದೆ. ರುದ್ರಪ್ಪನವರಿಗೆ ಊಟಕ್ಕೆ ಮುಂಚೆ ಕೆಟ್ಟ ಸುದ್ದಿ ಕೇಳಿದರೆ ಹೊಟ್ಟೆಯುಬ್ಬರ ಬರುತ್ತಿತ್ತು. ಆದ್ದರಿಂದ ಚೀನಾದಲ್ಲಿ ಎಷ್ಟೋ ಯುದ್ಧಗಳನ್ನು ನಾನು ಸಂಜೆ ಆರು ಗಂಟೆಯೊಳಗೆ ರಾಜಿ ಮಾಡಿಸಿದ್ದೇನೆ.

ಹೀಗಿರುವಾಗ ಒಂದು ಸಂಜೆ, ಶೇಂಗಾ ಧಾರಣೆಯ ಕೆಳಗೆ ಉಳಿದ ಜಾಗ ತುಂಬಿಸಲು ಹಾಕಿದ್ದ ಮೂರು ಸಾಲಿನ ಸುದ್ದಿಯೊಂದು ಕಣ್ಣಿಗೆ ಬಿತ್ತು. ಮೂರೇ ಸಾಲು ಇದ್ದುದರಿಂದ ಪೂರ್ತಿ ಅರ್ಥವಾಯಿತು. ಉರುಗ್ವೆ ಎಂಬ ದೇಶದಲ್ಲಿ ಹತ್ತೊಂಬತ್ತು ವರ್ಷದ ಸೆಂಟರ್ ಫಾರ್ವರ್ಡ್ ಆಟಗಾರನೊಬ್ಬ ಫುಟ್ಬಾಲ್ ಆಟದಲ್ಲಿ ಮೂರು ಗೋಲು ಹೊಡೆದನಂತೆ, ಜನ ಅವನನ್ನು ಹೆಗಲ ಮೇಲೆ ಹೊತ್ತು ಮನೆಗೆ ಕರೆದೊಯ್ದರಂತೆ. ಅವನ ಹೆಸರನ್ನೂ ಹಾಕಿದ್ದರು. ಅದನ್ನು ಉಚ್ಚರಿಸಲು ಹೊರಟು ನಾಲಿಗೆ ಕಚ್ಚಿಕೊಂಡು, ‘ಉರುಗ್ವೆಯವನು’ ಎಂದಷ್ಟೇ ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತವರು ಅದನ್ನು ಉರುಗಪ್ಪ ಮಾಡಿಕೊಂಡರು. ಹೆಗಲ ಮೇಲೆ ಹೊತ್ತರೆಂಬ ಮಾತು ಚಾಪೆಯವರಿಗೆಲ್ಲ ಬಹಳ ಹಿಡಿಸಿತು. ನಮ್ಮ ಊರಲ್ಲಿ ಬದುಕಿರುವಾಗಲೇ ಜನರ ಹೆಗಲೇರಿದವರು ಯಾರೂ ಇರಲಿಲ್ಲ.

ಮರುದಿನ ನಾನು ಪೇಪರು ಬಿಡಿಸುವ ಮುಂಚೆಯೇ, ‘ನಮ್ಮ ಉರುಗಪ್ಪಂದು ಏನೈತ್ರಿ ಇವತ್ತು?’ ಎಂದು ಕೇಳಿದರು. ಏನೂ ಇರಲಿಲ್ಲ. ಇಲ್ಲವೆಂದರೆ ಮುಗಿದುಹೋಗುತ್ತಿತ್ತು. ನಲವತ್ತು ಮುಖಗಳು ನನ್ನತ್ತ ತಿರುಗಿದ್ದವು. ಗಂಟಲು ಸರಿಹೋಯಿತು. ‘ಮತ್ತೆ ಎರಡು ಗೋಲು’ ಎಂದೆ. ಅಲ್ಲಿಂದ ಆ ಹುಡುಗನ ಇಡೀ ಬಾಳು ನನ್ನ ಕೈಗೆ ಬಂತು. ಭೂಗೋಳದ ಪುಸ್ತಕದಲ್ಲಿ ಉರುಗ್ವೆಗೆ ಇದ್ದುದು ಎರಡು ವಾಕ್ಯ. ಅದರಲ್ಲಿ ಕುರಿಗಳ ಮಾತಿತ್ತು. ನನಗೆ ಅಷ್ಟು ಸಾಕಾಗಿತ್ತು. ಉರುಗಪ್ಪ ಕುರಿ ಕಾಯುವ ಮನೆಯವನಾದ, ಕಾಲಿಗೆ ಸಿಕ್ಕ ಕಲ್ಲನ್ನೆಲ್ಲ ಒದ್ದು ಒದ್ದು ಗುರಿ ಕಲಿತ, ಇಪ್ಪತ್ತು ಗೋಲು ದಾಟಿದ, ಗವರ್ನರ್ ಕೈಕುಲುಕಿದ, ಚಹಾ ಮುಟ್ಟುವುದಿಲ್ಲ, ಹಿರಿಯರ ಎದುರು ಟೋಪಿ ಹಾಕುವುದಿಲ್ಲ. ಫುಟ್ಬಾಲಿನ ಬಗ್ಗೆ ನನಗಿದ್ದ ಅನುಭವ ಒಂದೇ. ಶಾಲೆಯಲ್ಲಿ ಒಮ್ಮೆ ರೆಫರಿಯಾಗಿ ಸೀಟಿ ಊದಲು ಬಾಯಿಗಿಟ್ಟಾಗ ಚೆಂಡು ಬಂದು ಮುಖಕ್ಕೆ ಬಡಿದು, ಕನ್ನಡಕ ಒಡೆದು, ನಾನು ಕುಸಿದು ಕೂತಿದ್ದೆ. ನನಗೆ ಇಲ್ಲದಿದ್ದ ಗುಣಗಳನ್ನೆಲ್ಲ ಉರುಗಪ್ಪನಿಗೆ ಕೊಟ್ಟೆ. ಕೊಡುವುದು ಬಹಳಷ್ಟಿತ್ತು. ಗೌರಮ್ಮ ಮಾತ್ರ ಇದನ್ನೆಲ್ಲ ಕೇಳಿ, ‘ಅದೆಲ್ಲ ಇರ್ಲಿ, ಆ ಮಗೀಗೆ ಅಮ್ಮ ಅವ್ಳಾ ಇಲ್ವಾ?’ ಎಂದಳು. ನಾನು ಅಷ್ಟು ದೂರ ಯೋಚಿಸಿರಲಿಲ್ಲ. ಇದ್ದಾಳೆಂದೆ.

ಈಗ ನಮ್ಮ ಊರಿನ ಬಿನ್ನವತ್ತಳೆಗಳ ಮಾತು ಹೇಳಬೇಕು. ಇಲ್ಲಿಂದ ವರ್ಗವಾಗಿ ಹೋಗುವ ಯಾವ ಅಧಿಕಾರಿಯೂ ಬಿನ್ನವತ್ತಳೆ ಇಲ್ಲದೆ ರೈಲು ಹತ್ತಿದ್ದಿಲ್ಲ. ರಾಯದುರ್ಗದ ರೇಷ್ಮೆ ಬಟ್ಟೆಯ ಮೇಲೆ, ಜರಿ ಅಂಚಿನ ನಡುವೆ ಚಿನ್ನದ ಬಣ್ಣದಲ್ಲಿ ಅಚ್ಚು ಹಾಕಿಸಿ, ಹಾರ ಹಾಕಿ, ನಿಂಬೆಹಣ್ಣು ಕೊಟ್ಟು, ಸಭೆಯಲ್ಲಿ ಓದಿ ಒಪ್ಪಿಸುವುದು ಪದ್ಧತಿ. ಬರೆಯುವವನು ನಾನು. ಹೋದ ತಹಶೀಲ್ದಾರರು ಎಂಥವರೆಂದರೆ, ಅವರ ವರ್ಗದ ಆರ್ಡರು ಬಂದ ದಿನ ಎರಡು ಬೀದಿಗಳಲ್ಲಿ ಹೋಳಿಗೆ ಮಾಡಿದರು. ಅವರಿಗೂ ‘ಬಡವರ ಬಂಧುಗಳೂ, ಜಮಾಬಂದಿಯನ್ನು ಸಕಾಲದಲ್ಲಿ ಮುಗಿಸಿದ ದಕ್ಷರೂ ಆದ ತಾವು ನಮ್ಮನ್ನು ಅನಾಥರನ್ನಾಗಿ ಮಾಡಿ ತೆರಳುತ್ತಿರುವಿರಿ’ ಎಂದು ಬರೆದೆ. ಓದುವಾಗ ಹೋಳಿಗೆ ತಿಂದವರೇ ಕಣ್ಣೊರೆಸಿಕೊಂಡರು. ಇದರಲ್ಲಿ ಯಾರಿಗೂ ಮೋಸವೇನೂ ಕಾಣುತ್ತಿರಲಿಲ್ಲ. ಬರೆದವನಿಗೆ, ಓದಿದವನಿಗೆ, ಹಾರ ಹಾಕಿಸಿಕೊಂಡವನಿಗೆ, ಮೂವರಿಗೂ ಅದು ಬರೀ ಮಾತೆಂದು ಗೊತ್ತಿತ್ತು.

ಉರುಗಪ್ಪನಿಗೆ ಐವತ್ತನೆಯ ಗೋಲನ್ನು ನಾನು ಕರುಣಿಸಿದ ಸಂಜೆ ರುದ್ರಪ್ಪನವರು ಎದ್ದು ನಿಂತು, ‘ಇಂಥ ಹುಡುಗಗ ನಾವು ಒಂದು ಬಿನ್ನವತ್ತಳೆ ಕಳಿಸ್ಲಿಲ್ಲಂದ್ರ ರಾಯದುರ್ಗಕ್ಕ ಮರ್ಯಾದಿ ಏನುಳೀತ್ರಿ?’ ಎಂದರು. ಸಭೆಗೆ ಸಭೆಯೇ ಹೌದೆಂದಿತು. ‘ಅವರಿಗೆ ಕನ್ನಡ ಬರುವುದಿಲ್ಲವಲ್ಲ’ ಎಂದು ಮೆಲ್ಲಗೆ ಹೇಳಿದೆ. ಇಂಗ್ಲಿಷಿನಲ್ಲಿ ಬರೆಯಿರಿ ಎಂದಾರೆಂದು ಒಳಗೊಳಗೇ ನಡುಕ. ರುದ್ರಪ್ಪನವರು ನಕ್ಕರು. ‘ಅಲ್ರಿ, ಅಷ್ಟು ದೊಡ್ಡ ಊರಾಗ ಓದಿ ಹೇಳೋರು ಒಬ್ಬರು ಇದ್ದೇ ಇರ್ತಾರ. ನಮಗ ನೀವಿಲ್ಲೇನ್ರಿ?’ ತಹಶೀಲ್ದಾರರ ಬಿನ್ನವತ್ತಳೆಯ ಕರಡನ್ನೇ ತೆಗೆದು, ಮೇಲೆ ಹೆಸರು ಬದಲಿಸಿ, ನಡುವೆ ಎರಡು ಕಡೆ ಗೋಲು ಸೇರಿಸಿ ಬಳ್ಳಾರಿಯ ಅಚ್ಚುಕೂಟಕ್ಕೆ ಕಳಿಸಿದೆ. ಅಚ್ಚಾಗಿ ಬಂದ ಮೇಲೆ ನೋಡಿದರೆ ಜಮಾಬಂದಿಯನ್ನು ತೆಗೆಯಲು ಮರೆತಿದ್ದೆ. ಹತ್ತೊಂಬತ್ತು ವರ್ಷದ ಆ ಸೆಂಟರ್ ಫಾರ್ವರ್ಡ್ ತಾಲ್ಲೂಕಿನ ಕಂದಾಯದ ಲೆಕ್ಕವನ್ನು ಸಕಾಲದಲ್ಲಿ ಮುಗಿಸಿದ ದಕ್ಷನಾಗಿ ಆ ರೇಷ್ಮೆ ಬಟ್ಟೆಯ ಮೇಲೆಯೇ ಹಡಗು ಹತ್ತಿದ. ಓದುವವರು ಯಾರು ಎಂದು ನಾನೂ ಸುಮ್ಮನಾಗಿ, ಕಟ್ಟಿನ ಮೇಲೆ ಪೇಪರಿನಲ್ಲಿದ್ದ ಅವನ ಹೆಸರನ್ನೂ ದೇಶವನ್ನೂ ಬರೆದು ಅಂಚೆಗೆ ಹಾಕಿದೆ.

ಎಂಟು ತಿಂಗಳ ಮೇಲೆ ಉತ್ತರ ಬಂತು. ಯಾರೂ ಕಾಣದ ಅಂಚೆಚೀಟಿ ಹಚ್ಚಿದ ದಪ್ಪ ಲಕೋಟೆಯನ್ನು ಅಂಚೆಯವನು ಬೀದಿಯಲ್ಲೆಲ್ಲ ತೋರಿಸುತ್ತಾ ತಂದದ್ದರಿಂದ ಅದು ನನ್ನ ಕೈಸೇರುವಷ್ಟರಲ್ಲಿ ಚಾಪೆ ತುಂಬಿತ್ತು. ಬಿಡಿಸಿದೆ. ಅಕ್ಷರಗಳೆಲ್ಲ ಇಂಗ್ಲಿಷಿನವೇ. ಆದರೆ ಒಂದು ಪದವೂ ನನ್ನ ಗುರುತು ಹಿಡಿಯಲಿಲ್ಲ. ಕೆಲವು ಅಕ್ಷರಗಳ ತಲೆಯ ಮೇಲೆ ಮರಿಹಾವಿನಂಥ ಗೀಟು ಬೇರೆ. ಅದು ಸ್ಪ್ಯಾನಿಷ್ ಎಂಬ ಭಾಷೆಯೆಂದು ನನಗೆ ತಿಳಿದದ್ದೇ ಆಮೇಲೆ. ಆಗ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹಸಿರು ದಿಂಬಿನ ಮೇಲೆ ಕೂತವನಿಗೆ ಆ ಮಾತು ಹೇಳಲು ಆಗುವುದಿಲ್ಲ. ಎರಡು ಹಾಳೆಯನ್ನೂ ಕಣ್ಣಾಡಿಸಿ, ನಡುವೆ ಒಂದೆರಡು ಸಲ ನಕ್ಕು, ಒಮ್ಮೆ ನಿಟ್ಟುಸಿರುಬಿಟ್ಟು, ಓದಿ ಹೇಳಿದೆ. ‘ರಾಯದುರ್ಗದ ಮಹಾಜನರಿಗೆ ಸಾಷ್ಟಾಂಗ ನಮಸ್ಕಾರ. ತಮ್ಮ ಆಶೀರ್ವಾದದಿಂದ ಅರವತ್ತು ಗೋಲು ಮುಗಿದವು. ನನ್ನ ತಂಗಿ ಬಿನ್ನವತ್ತಳೆಯನ್ನು ದಿನವೂ ಪೂಜೆ ಮಾಡುತ್ತಾಳೆ.’ ಅಷ್ಟಕ್ಕೇ ನಿಲ್ಲಿಸಬೇಕಿತ್ತು. ಎಲ್ಲರ ಕಣ್ಣೂ ಒದ್ದೆಯಾದದ್ದು ನೋಡಿ ನನಗೂ ಉಮೇದು ಬಂತು. ‘ತಮ್ಮ ಊರಿನ ಕೋಟೆಯನ್ನು ಕಣ್ಣಾರೆ ಕಾಣಲು ಬೇಗನೆ ಬರುತ್ತೇನೆ’ ಎಂದು ಸೇರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಮರುದಿನದಿಂದಲೇ ಊರು ಎದ್ದು ನಿಂತಿತು. ಶಾಲೆಯ ಬಯಲಿನಲ್ಲಿ ಜಾಲಿಗಿಡ ಕಡಿದರು. ಉರುಗಪ್ಪನಿಗೆಂದು ರುದ್ರಪ್ಪನವರು ರೇಷ್ಮೆಯ ಪಂಚೆ ತೆಗೆದಿರಿಸಿದರು. ಸುದ್ದಿ ಮಡಕಶಿರವನ್ನೂ ಮುಟ್ಟಿ, ಅಲ್ಲಿ ಕಡಲೆಕಾಯಿ ಮಂಡಿ ಇಟ್ಟಿರುವ ನನ್ನ ಭಾವಮೈದ ನಂಜುಂಡ ರೈಲು ಹತ್ತಿ ಬಂದ. ‘ಭಾವ, ಕುರಿ ದೇಶದವ್ನು ಅಂದ್ಮೇಲೆ ಅವ್ನು ಮೊದ್ಲು ನಮ್ಮ ಕುರಿ ಸೀಮೆಗೆ ಬರ್ಬೇಕು. ಕೋಟೆ ನಮ್ಮೂರಾಗೂ ಐತೆ. ಎರಡು ದಿನ ಮಡಕಶಿರ, ಆಮ್ಯಾಕೆ ಬೇಕಾದ್ರೆ ನಿಮ್ಮ ರಾಯದುರ್ಗ’ ಎಂದು ಪಟ್ಟು ಹಿಡಿದ. ಮಧ್ಯಾಹ್ನದ ಊಟವಾದ ಮೇಲೆ, ‘ಅದೇನು ಬರ್ದವ್ನೋ ನಂಗೂ ಓದಿ ಹೇಳಿ’ ಎಂದ. ನಾನು ಕಾಗದ ಬಿಡಿಸಿ ಮತ್ತೆ ಓದಿದೆ. ಮೊದಲ ದಿನ ರೀಡಿಂಗ್ ರೂಮಿನ ಪಕ್ಕದ ಮನೆಯ ಜಗಲಿಯಲ್ಲಿ ಹೆಂಗಸರ ಜೊತೆ ಗೌರಮ್ಮನೂ ಕೂತು ಕೇಳಿದ್ದಳು ಎಂಬುದನ್ನು ಮರೆತಿದ್ದೆ. ನಂಜುಂಡ ಅತ್ತ ಹೋದ ಮೇಲೆ ಅವಳು ನನ್ನೆದುರು ಬಂದು ಕೂತಳು.

‘ಅಲ್ಲ ಕಣ್ರೀ, ಅವತ್ತು ತಂಗಿ ಇದ್ಲು. ಇವತ್ತು ಅವ್ಳು ತಮ್ಮ ಆಗವ್ನೆ. ಅವತ್ತು ಕುದ್ರೆ ಇರ್ಲಿಲ್ಲ, ಇವತ್ತು ಬಂದೈತೆ. ಎಂಗೆ?’

‘ಭಾಷಾಂತರದಲ್ಲಿ ಹಾಗೆಲ್ಲ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತದೆ’ ಎಂದೆ.

‘ಆಗ್ಲಿ. ಅವ್ರಮ್ಮನ ಸುದ್ದಿ ಎರಡು ಸಲವೂ ಬರ್ಲಿಲ್ವಲ್ಲ? ಅಷ್ಟು ದೂರದಿಂದ ಕಾಗ್ದ ಬರೆಯೋ ಮಗ ಅಮ್ಮನ ಮಾತು ಎತ್ತದೆ ಇರ್ತಾನಾ? ಬಳ್ಳಾರಿ ಪಾದ್ರಿಗಳು ಊರಿಗೆ ಬಂದವ್ರಲ್ಲ, ಅವ್ರಿಗೆ ತೋರ್ಸಿ. ನಾನು ಯಾರ್ಗೂ ಏಳಾಕಿಲ್ಲ.’

ಕೊನೆಯ ಮಾತನ್ನು ಅವಳು ಹೇಳಿದ ರೀತಿಗೆ ನಾನು ಎದ್ದು ಅಂಗಿ ಹಾಕಿಕೊಂಡೆ. ತಿಂಗಳಿಗೊಮ್ಮೆ ಬರುತ್ತಿದ್ದ ಆ ಮುದುಕ ಪಾದ್ರಿಗಳು ಸಣ್ಣ ವಯಸ್ಸಿನಲ್ಲಿ ಸ್ಪೇನ್ ದೇಶದಲ್ಲಿ ಓದಿದವರು. ಕನ್ನಡವನ್ನು ಪುಸ್ತಕದಿಂದ ಕಲಿತವರಾದ್ದರಿಂದ ನಮ್ಮೆಲ್ಲರಿಗಿಂತ ಶುದ್ಧವಾಗಿ ಆಡುತ್ತಿದ್ದರು. ‘ದಯಮಾಡಿ ಆಸೀನರಾಗಬೇಕು’ ಎಂದು ಬೆಂಚು ತೋರಿಸಿ, ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನಿಧಾನವಾಗಿ ಹೇಳುತ್ತಾ ಹೋದರು.

ಬರೆಸಿದ್ದು ಆ ಹುಡುಗನೇ. ಅವನಿಗೆ ಓದುಬರಹ ಅಷ್ಟಕ್ಕಷ್ಟೆಯಂತೆ. ಪೇಪರಿನಲ್ಲಿ ಬಂದ ಆ ಆಟದ ಮುಂದಿನ ಆಟದಲ್ಲೇ ಅವನ ಮೊಣಕಾಲು ಮುರಿಯಿತಂತೆ. ಆಮೇಲೆ ಅವನು ಒಂದು ಗೋಲನ್ನೂ ಹೊಡೆದಿಲ್ಲ. ಹೆಗಲ ಮೇಲೆ ಹೊತ್ತವರು ಒಬ್ಬರೂ ಮನೆಯ ಕಡೆ ತಲೆಹಾಕಿಲ್ಲ. ಅವನ ದೇಶದ ಪೇಪರುಗಳು ಈಗ ಬೇರೆ ಹುಡುಗನನ್ನು ಹಿಡಿದುಕೊಂಡಿವೆ. ಇಂಥ ಹೊತ್ತಿನಲ್ಲಿ ನಮ್ಮ ಜರಿ ಅಂಚಿನ ರೇಷ್ಮೆ ಬಟ್ಟೆ ಬಂತು. ಯಾರಿಗೂ ಓದಲು ಬರಲಿಲ್ಲ. ಕೊನೆಗೆ ಅವನ ಹಳ್ಳಿಯ ಶಾಲೆಯ ಮೇಷ್ಟರು, ಪೂರ್ವ ದೇಶಗಳ ಭಾಷೆಗಳನ್ನೆಲ್ಲ ಬಲ್ಲವರಂತೆ, ಊರವರನ್ನೆಲ್ಲ ಸೇರಿಸಿ ಓದಿ ಹೇಳಿದರು. ರಾಯದುರ್ಗದ ಮಹಾರಾಜರು ಅವನನ್ನು ತಮ್ಮಲ್ಲಿಗೆ ಬಂದು ನೆಲೆಸಬೇಕೆಂದು ಬೇಡಿಕೊಂಡಿದ್ದಾರೆ, ಬೆಟ್ಟದ ಕೋಟೆಯಲ್ಲಿ ಮನೆ, ಇನ್ನೂರು ಕುರಿ ಕೊಡುತ್ತಾರೆ, ಸೈನಿಕರಿಗೆ ಚೆಂಡಾಟ ಕಲಿಸಬೇಕು ಎಂದು. ಜನ ಅತ್ತರಂತೆ. ಅವನೂ ಅತ್ತನಂತೆ. ಕಾಲು ಸ್ವಲ್ಪ ನೆಟ್ಟಗಾಗುತ್ತಲೂ ಹಡಗು ಹತ್ತುತ್ತೇನೆ ಎಂದು ಬರೆಸಿದ್ದ. ಕೊನೆಯ ಸಾಲಿನಲ್ಲಿ, ‘ನಿಮ್ಮ ಊರಿನಲ್ಲಿ ಚಳಿ ಬಹಳವೇ ಎಂದು ನನ್ನ ತಾಯಿ ಕೇಳುತ್ತಾಳೆ. ಉಣ್ಣೆಯ ಅಂಗಿ ಹೆಣೆಯುತ್ತಿದ್ದಾಳೆ’ ಎಂದಿತ್ತು.

ನಾನು ಎದ್ದು ನಿಂತು ಕೂಗಿಯೇಬಿಟ್ಟೆ. ‘ಎಂಥ ನಾಚಿಕೆಗೇಡಿ ಮನುಷ್ಯ ಸ್ವಾಮಿ ಆ ಮೇಷ್ಟರು! ಬಾರದ ಭಾಷೆಯನ್ನು ಬರುತ್ತದೆಂದು ಹೇಳಿಕೊಂಡು, ಊರವರನ್ನು ಕೂಡಿಸಿ, ಬಾಯಿಗೆ ಬಂದದ್ದು ಓದುವುದೇ? ಕಾಲು ಮುರಿದ ಹುಡುಗನ ಬಾಳಿನ ಜೊತೆ ಆಟವಾಡುವುದೇ? ಅಂಥವನನ್ನು ಶಾಲೆಯಲ್ಲಿ ಹೇಗೆ ಇಟ್ಟುಕೊಂಡಿದ್ದಾರೆ?’

ಪಾದ್ರಿಗಳು ಕಾಗದವನ್ನು ಮಡಿಸಿ ನನ್ನ ಕೈಗಿತ್ತರು. ‘ಈ ಪತ್ರವನ್ನು ತಾವು ಸಭೆಯಲ್ಲಿ ಅತಿ ಸೊಗಸಾಗಿ ವಾಚಿಸಿದಿರೆಂದು ರುದ್ರಪ್ಪನವರು ಇಂದು ಪ್ರಾತಃಕಾಲ ತಿಳಿಸಿದರು’ ಎಂದರು. ಅವರ ದನಿಯಲ್ಲಿ ಕೊಂಕೇನೂ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನಾನು ಕೂತೆ.

ಮನೆಗೆ ಬಂದವನು ಪೆಟ್ಟಿಗೆ ತೆಗೆದು ಬಿನ್ನವತ್ತಳೆಯ ಕರಡನ್ನು ಹುಡುಕಿದೆ. ಆ ಮೇಷ್ಟರು ಎಷ್ಟು ಸುಳ್ಳು ಸೇರಿಸಿದ್ದಾರೆಂದು ಸಾಲು ಸಾಲಾಗಿ ಹಿಡಿಯಬೇಕೆಂಬ ಹಟ. ರಾಜ ಇರಲಿಲ್ಲ, ಕುರಿ ಇರಲಿಲ್ಲ, ಮನೆ ಇರಲಿಲ್ಲ. ಕೊನೆಯ ಸಾಲಿಗೆ ಬಂದೆ. ‘ತಮ್ಮನ್ನು ಅಗಲಿರಲಾರದ ನಾವು, ತಾವು ಈ ಊರಿನಲ್ಲಿಯೇ ಶಾಶ್ವತವಾಗಿ ನೆಲೆಸಿ ನಮ್ಮನ್ನು ಪೊರೆಯಬೇಕೆಂದು ಬೇಡಿಕೊಳ್ಳುತ್ತೇವೆ.’ ನನ್ನದೇ ಅಕ್ಷರ. ಪ್ರತಿಯೊಬ್ಬ ಅಧಿಕಾರಿಗೂ ನಾನು ಬರೆಯುವ ಸಾಲು ಅದು. ತೊಲಗಿದರೆ ಸಾಕೆಂದು ಊರವರು ಹೋಳಿಗೆ ಮಾಡಿದ ತಹಶೀಲ್ದಾರರಿಗೂ ಅದನ್ನೇ ಬರೆದಿದ್ದೆ. ಅವರು ಹಾರ ಹಾಕಿಸಿಕೊಂಡು ರೈಲು ಹತ್ತಿ ಹೋಗಿದ್ದರು, ತಿರುಗಿ ಬಂದು ಮನೆ ಕೊಡಿ ಎನ್ನಲಿಲ್ಲ. ಇಷ್ಟು ವರ್ಷ ನಾವು ಬರೆದ ಬಿನ್ನವತ್ತಳೆಗಳ ಮಾತನ್ನು ನಂಬಿದವನು ಇವನೊಬ್ಬ. ಆ ಮೇಷ್ಟರೋ, ತಮಗೆ ಒಂದಕ್ಷರವೂ ಬಾರದ ಕನ್ನಡವನ್ನು, ಅದನ್ನು ಬರೆದ ನನಗಿಂತ ಚೆನ್ನಾಗಿ ಓದಿದ್ದರು. ನಾನೂ ಕಡಿಮೆಯವನಲ್ಲ. ಬರುತ್ತೇನೆಂದು ಬರೆದಿದ್ದಾನೆ ಎಂದು ನಾನು ಬಾಯಿಗೆ ಬಂದಂತೆ ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ನನ್ನ ಜನ್ಮದಲ್ಲಿ ಒಂದು ಸಾಲಾದರೂ ಸರಿಯಾಗಿ ಭಾಷಾಂತರವಾದದ್ದು ಅದೇ ಮೊದಲು. ಅದನ್ನು ನೆನೆದು ನನಗೆ ರಾತ್ರಿಯ ಊಟ ಸೇರಲಿಲ್ಲ. ಒಬ್ಬ ಕುಂಟ ಹುಡುಗ ಉಣ್ಣೆಯ ಅಂಗಿ ತೊಟ್ಟು ನನ್ನ ಮಾತಿನ ಮೇಲೆ ಸಮುದ್ರ ದಾಟಲಿದ್ದ.

ಮರುದಿನ ಪಾದ್ರಿಗಳಲ್ಲಿಗೆ ಹೋಗಿ, ಮಹಾರಾಜರು ಕಾಲವಾದರು, ಆಹ್ವಾನ ರದ್ದಾಯಿತು ಎಂದು ಸ್ಪ್ಯಾನಿಷಿನಲ್ಲಿ ಬರೆದುಕೊಡಿ ಎಂದೆ. ಹಾಗೆ ಬರೆದರೆ ಆ ಮೇಷ್ಟರ ಮಾನವೂ ಉಳಿಯುತ್ತಿತ್ತು. ಒಂದೇ ಕಸುಬಿನವರಲ್ಲವೇ ಎಂದು ಅಷ್ಟರಲ್ಲಿ ಅವರ ಮೇಲೆ ನನಗೆ ಮರುಕ ಹುಟ್ಟಿತ್ತು. ‘ಸತ್ಯವಾದುದನ್ನು ಮಾತ್ರ ನಾನು ಬರೆಯುವೆನು’ ಎಂದರು ಪಾದ್ರಿಗಳು. ಹೇಳಿದೆ. ರಾಜರಿಲ್ಲ. ಕೋಟೆಯಲ್ಲಿರುವುದು ಕರಡಿ. ಗೋಡೆ ಬಿದ್ದಿದೆ. ನಿನ್ನ ಬಗ್ಗೆ ನಮಗೆ ಗೊತ್ತಿದ್ದುದು ಮೂರೇ ಸಾಲು, ಉಳಿದದ್ದನ್ನು ನಾನು ಕಟ್ಟಿದೆ. ನಿನಗೆ ಬರೆದದ್ದನ್ನೇ ಒಬ್ಬ ತಹಶೀಲ್ದಾರನಿಗೂ ಬರೆದಿದ್ದೆ. ಬರಬೇಡ. ಇಷ್ಟೆಲ್ಲ ಹೇಳಿದ ಮೇಲೆ ನಿಜವಾದದ್ದು ಇನ್ನೊಂದಿದೆ ಅನ್ನಿಸಿತು. ನಿನ್ನ ಮೂರು ಗೋಲಿನ ಸುದ್ದಿ ಓದಿದ ಸಂಜೆ ನಮಗೆಲ್ಲ ಸಂತೋಷವಾದದ್ದು ಸುಳ್ಳಲ್ಲ ಎಂದು ಬರೆಸಿದೆ. ಲಕೋಟೆ ಅಂಟಿಸುವ ಮುಂಚೆ ಒಮ್ಮೆ ಮನೆಯಲ್ಲಿ ಹೇಳಿದರೆ ಗೌರಮ್ಮ ಬಿಡಲಿಲ್ಲ. ‘ಅವ್ರಮ್ಮ ಚಳಿ ಐತಾ ಅಂತ ಕೇಳವ್ರಲ್ಲ, ಅದ್ಕೆ ಉತ್ತರ ಎಲ್ಲಿ? ಪಾಪ, ಕೇಳ್ದೋರ್ಗೆ ಏಳ್ದೆ ಇರಾಕಾಗ್ತದಾ? ನಮ್ಮೂರಾಗೆ ಚಳಿ ಇಲ್ಲ ಅಂತ ಬರ್ಸಿ’ ಎಂದಳು. ಬರೆಸಿದೆ. ಕಾಗದ ಹೋದ ಮೇಲೆ ಹೊಳೆಯಿತು. ಹುಡುಗನ ಓದು ಅಷ್ಟಕ್ಕಷ್ಟೆ, ಅಲ್ಲಿ ಅದನ್ನು ಓದಿ ಹೇಳುವವರು ಮತ್ತೆ ಅದೇ ಮೇಷ್ಟರು. ತಮ್ಮ ಮಾನ ಹೋಗುವ ಸಾಲುಗಳನ್ನೆಲ್ಲ ಬಿಟ್ಟು ಓದಿದರೆ ಅವರಿಗೆ ಉಳಿಯುವುದು, ನಮಗೆ ಸಂತೋಷ, ನಮ್ಮ ಊರಿನಲ್ಲಿ ಚಳಿ ಇಲ್ಲ, ಇಷ್ಟೇ. ಅವರ ಜಾಗದಲ್ಲಿ ನಾನಿದ್ದರೆ ಬೇರೆ ಯಾವ ಸಾಲು ಓದುತ್ತಿದ್ದೆನೋ ನೀವೇ ಹೇಳಿ.

ಅಂದಿನಿಂದ ಬಳ್ಳಾರಿಯ ರೈಲು ಕೂಗಿದಾಗಲೆಲ್ಲ ನಾನು ಕಿಟಕಿಯ ಹತ್ತಿರ ಹೋಗುತ್ತೇನೆ. ಜಟಕಾ ಮನೆಯ ಮುಂದೆ ನಿಧಾನವಾದರೆ ಇಳಿಯುವವನ ಕಾಲು ನೋಡುತ್ತೇನೆ. ಸಮುದ್ರದ ಆಚೆಯವರಿಗೆ ಸತ್ಯ ಬರೆದು ಕಳಿಸಿದ ನನಗೆ ನಾಲ್ಕು ಮನೆ ಆಚೆಯ ರೀಡಿಂಗ್ ರೂಮಿನಲ್ಲಿ ಅದನ್ನು ಹೇಳಲು ಎರಡು ತಿಂಗಳು ಧೈರ್ಯ ಬರಲಿಲ್ಲ. ಕೊನೆಗೆ ಹೋದ ವಾರ, ಪೇಪರು ಮುಗಿದ ಮೇಲೆ ರುದ್ರಪ್ಪನವರು, ‘ಮಾಸ್ತರ್ರ, ಬಯಲು ಹಸನಾತು, ಪಂಚಿ ತಯಾರೈತಿ. ಉರುಗಪ್ಪ ಬರೋದು ಯಾವಾಗ್ರಿ?’ ಎಂದು ಕೇಳಿದರು. ನಲವತ್ತು ಮುಖಗಳು ತಿರುಗಿದವು. ತಲೆ ಆಡದಂತೆ ಗಟ್ಟಿಯಾಗಿ ಹಿಡಿದುಕೊಂಡೆ. ಕುರ್ಚಿಯಿಂದ ಎದ್ದು, ಕೈಕಟ್ಟಿ ನಿಂತು, ನನ್ನ ಹುಡುಗರು ಹೇಳುವ ಹಾಗೆಯೇ ಹೇಳಿದೆ: ‘ನನಗೆ ಗೊತ್ತಿಲ್ಲ. ಆ ಕಾಗದ ಓದಲೂ ನನಗೆ ಬರುವುದಿಲ್ಲ.’

ರುದ್ರಪ್ಪನವರು ಮೆಲ್ಲಗೆ ತಲೆದೂಗಿ ಪಕ್ಕದವರತ್ತ ತಿರುಗಿದರು. ‘ನೋಡಿದ್ರಾ? ಉರುಗಪ್ಪ ಯಾವಾಗ ಬರ್ತಾನಂತ ಮಡಕಶಿರದವರಿಗೆ ಗೊತ್ತಾಗಬಾರದಂತ ಮಾಸ್ತರ್ರು ಎಷ್ಟು ಗುಟ್ಟು ಕಾಯ್ತಾರ! ಸ್ವಂತ ಭಾವಮೈದಗೂ ಬಿಟ್ಟುಕೊಡ್ಲಿಲ್ಲ, ನಮ್ಮ ಊರಿನ ಮ್ಯಾಲೆ ಅಷ್ಟು ಅಭಿಮಾನ’ ಎಂದರು. ಚಾಪೆಯ ಮೇಲಿನವರೆಲ್ಲ ಎದ್ದು ನನಗೆ ಕೈಮುಗಿದರು. ನನಗೂ ಒಂದು ಬಿನ್ನವತ್ತಳೆ ಆಗಬೇಕೆಂದು ಅಲ್ಲೇ ತೀರ್ಮಾನವಾಯಿತು. ಬರೆಯುವ ಭಾರ ಎಂದಿನಂತೆ ನನಗೇ ಬಂದಿದೆ. ಕರಡು ಪೆಟ್ಟಿಗೆಯಲ್ಲಿದೆ. ಈ ಸಲ ಜಮಾಬಂದಿಯನ್ನು ತೆಗೆಯಲು ಮರೆಯಬಾರದು.